18,000 ಚಿತ್ರಗಳಲ್ಲಿ ಒಂದು ಮುಖ

ಹತ್ತು ನಿಮಿಷದ ಒಂದು ವಿಡಿಯೊ. ಸೆಕೆಂಡಿಗೆ 30 ಫ್ರೇಮ್‌ಗಳ ಲೆಕ್ಕ ಹಿಡಿದರೆ ಅದರಲ್ಲಿ 18,000 ಸ್ಥಿರಚಿತ್ರಗಳಿವೆ. ಒಂದರ ಬೆನ್ನಿಗೊಂದು ಓಡುವಾಗ ಇವುಗಳಲ್ಲಿ ಒಂದನ್ನೂ ನಾವು ಬಿಡಿಯಾಗಿ ನೋಡಿರುವುದಿಲ್ಲ. ಕಣ್ಣಿಗೆ ಕಾಣುವುದು ಮಾತಾಡುವ, ನಗುವ, ತಲೆಯಾಡಿಸುವ ಮನುಷ್ಯ ಮಾತ್ರ. ಆ 18,000ದಲ್ಲಿ ಒಂದು ಚಿತ್ರ ಆಯ್ಕೆಯಾಗಿ ವಿಡಿಯೊದ ಹೊಸ್ತಿಲಲ್ಲಿ ನಿಲ್ಲುತ್ತದೆ. ಅದು ಥಂಬ್‌ನೇಲ್. ಅಪರೂಪಕ್ಕೊಮ್ಮೆ ಅಂಥ ಚಿತ್ರವೊಂದು ತನ್ನ ವಿಡಿಯೊವನ್ನೇ ತೊರೆದು ಹೊರಟುಬಿಡುತ್ತದೆ. ಅದು ಯಾವ ವಿಡಿಯೊ, ಅದರಲ್ಲಿರುವವರು ಯಾರು ಎಂಬುದೇನೂ ಗೊತ್ತಿಲ್ಲದ ಲಕ್ಷಾಂತರ ಜನ ತಮ್ಮ ಬೇಸರಕ್ಕೆ, ಅಚ್ಚರಿಗೆ, ಅನುಮಾನಕ್ಕೆ ಆ ಮುಖವನ್ನು ಎರವಲು ಪಡೆಯುತ್ತಾರೆ. ರಿಯಾಕ್ಷನ್ ಮೀಮ್ ಹುಟ್ಟುವುದು ಹೀಗೆ.

ಯಾವ ಮುಖಕ್ಕೆ ಈ ಭಾಗ್ಯ, ಅಥವಾ ಈ ಕಷ್ಟ, ಒದಗುತ್ತದೆ? ಭಾವ ಎದ್ದು ಕಾಣುವ ಮುಖಕ್ಕೆ ಎಂದು ಮೊದಲ ನೋಟಕ್ಕೆ ಅನಿಸುತ್ತದೆ. ಸಾಕ್ಷ್ಯಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಬೇರೆಯದೇ ಕಥೆ ತೆರೆದುಕೊಳ್ಳುತ್ತದೆ.

ಯೂಟ್ಯೂಬ್ ಶುರುವಾದದ್ದು 2005ರಲ್ಲಿ. ಆರಂಭದ ದಿನಗಳಲ್ಲಿ ಥಂಬ್‌ನೇಲ್ ಆಯ್ಕೆಗೆ ಬುದ್ಧಿಯ ಹಂಗೇ ಇರಲಿಲ್ಲ. ವಿಡಿಯೊದ ಸರಿಯಾಗಿ ನಡುವಿನ ಫ್ರೇಮನ್ನು ಎತ್ತಿ ಹೊರಗೆ ಅಂಟಿಸಲಾಗುತ್ತಿತ್ತು. ನಡುವಿನ ಕ್ಷಣದಲ್ಲಿ ಪಾಪ ಯಾರದೋ ಕಣ್ಣು ಅರ್ಧ ಮುಚ್ಚಿರುತ್ತಿತ್ತು, ಯಾರದೋ ಬಾಯಿ ‘ಫ’ಕಾರದಲ್ಲಿ ಸೊಟ್ಟಗಾಗಿರುತ್ತಿತ್ತು. ಚಾಲಾಕಿಗಳು ಇದನ್ನು ಬಹುಬೇಗ ಕಂಡುಕೊಂಡರು. ವಿಡಿಯೊದ ನಟ್ಟನಡುವೆ ಸಂಬಂಧವೇ ಇಲ್ಲದ ಒಂದು ಆಕರ್ಷಕ ಚಿತ್ರವನ್ನು ಕ್ಷಣಮಾತ್ರಕ್ಕೆ ತುರುಕಿ ಕ್ಲಿಕ್ ಗಿಟ್ಟಿಸತೊಡಗಿದರು. ಆಮೇಲೆ ಮೂರು ಫ್ರೇಮ್‌ಗಳ ಆಯ್ಕೆ ಬಂತು, ಅದಾದ ಮೇಲೆ ತಮಗೆ ಬೇಕಾದ ಚಿತ್ರವನ್ನೇ ಹಾಕುವ ಅವಕಾಶ ಬಂತು.

2015ರಲ್ಲಿ ಗೂಗಲ್‌ನ ಸಂಶೋಧಕರು ಈ ಆಯ್ಕೆಯನ್ನು ನರಜಾಲದ ಕೈಗೆ ಒಪ್ಪಿಸಿದರು. ಅವರು ಅದಕ್ಕೆ ಪಾಠ ಹೇಳಿದ ಬಗೆ ಸೊಗಸಾಗಿದೆ. ‘ಒಳ್ಳೆಯ ಚಿತ್ರ ಎಂದರೇನು’ ಎಂದು ಯಂತ್ರಕ್ಕೆ ವಿವರಿಸುವ ಗೋಜಿಗೆ ಅವರು ಹೋಗಲಿಲ್ಲ. ಜನ ತಾವಾಗಿ ಆರಿಸಿ ಹಾಕಿದ ಥಂಬ್‌ನೇಲ್‌ಗಳನ್ನು ಒಂದು ಕಡೆ ಇಟ್ಟರು, ವಿಡಿಯೊಗಳಿಂದ ಮನಬಂದಂತೆ ಹೆಕ್ಕಿದ ಫ್ರೇಮ್‌ಗಳನ್ನು ಇನ್ನೊಂದು ಕಡೆ ಇಟ್ಟರು. ಮೊದಲನೆಯವು ಒಳ್ಳೆಯವು, ಎರಡನೆಯವು ಅಷ್ಟಕ್ಕಷ್ಟೆ ಎಂದು ಹೇಳಿ, ವ್ಯತ್ಯಾಸವನ್ನು ತಾನೇ ಕಲಿಯಲು ಬಿಟ್ಟರು. ಕಲಿತ ಯಂತ್ರ ಹೊಸ ವಿಡಿಯೊದಿಂದ ಸೆಕೆಂಡಿಗೊಂದರಂತೆ ಫ್ರೇಮ್ ತೆಗೆದು ಒಂದೊಂದಕ್ಕೂ ಅಂಕ ಕೊಡುತ್ತದೆ, ಹೆಚ್ಚು ಅಂಕ ಬಂದವನ್ನು ಮುಂದಿಡುತ್ತದೆ. ಹಳೆಯ ಪದ್ಧತಿಯ ಚಿತ್ರವನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಜನರನ್ನು ಕೇಳಿದಾಗ, ಶೇ. 65ಕ್ಕೂ ಹೆಚ್ಚು ಸಲ ಹೊಸದೇ ಗೆದ್ದಿತು. ಈಗ ಒಂದೇ ವಿಡಿಯೊಗೆ ಮೂರು ಥಂಬ್‌ನೇಲ್ ಕೊಟ್ಟು, ಯಾವುದನ್ನು ನೋಡಿ ಒಳಬಂದವರು ಹೆಚ್ಚು ಹೊತ್ತು ಉಳಿದರು ಎಂದು ಅಳೆಯುವ ಸೌಲಭ್ಯವೂ ಇದೆ.

ಈ ಜರಡಿಯಲ್ಲಿ ಉಳಿಯುವುದು ಬಹುಮಟ್ಟಿಗೆ ಮುಖಗಳು. ಅದಕ್ಕೆ ಕಾರಣ ನಮ್ಮ ಮಿದುಳು. ಕಿವಿಯ ಹಿಂಭಾಗದ ನೇರಕ್ಕೆ, ಮಿದುಳಿನ ತಳಭಾಗದ ಒಂದು ಮಡಿಕೆಯಲ್ಲಿ, ಮುಖಗಳನ್ನು ಕಂಡಾಗ ವಿಶೇಷವಾಗಿ ಚುರುಕಾಗುವ ಪ್ರದೇಶವಿದೆ ಎಂದು ನ್ಯಾನ್ಸಿ ಕ್ಯಾನ್‌ವಿಶರ್ ಮತ್ತು ಸಂಗಡಿಗರು 1997ರಲ್ಲಿ ತೋರಿಸಿದರು. ಮುಖ ಕಣ್ಣಿಗೆ ಬಿದ್ದ ಸುಮಾರು 170 ಮಿಲಿಸೆಕೆಂಡಿಗೆ ತಲೆಗೆ ಅಂಟಿಸಿದ ವಿದ್ಯುದ್ವಾರಗಳಲ್ಲಿ ಅದರದೇ ಗುರುತಿನ ಅಲೆ ಏಳುತ್ತದೆ. ಅಪರಿಚಿತ ಮುಖವನ್ನು ಸೆಕೆಂಡಿನ ಹತ್ತನೇ ಒಂದು ಭಾಗ ತೋರಿಸಿದರೂ ಸಾಕು, ಈ ಮನುಷ್ಯ ನಂಬಿಗಸ್ತನೋ ಅಲ್ಲವೋ ಎಂದು ನೋಡಿದವರು ತೀರ್ಮಾನಿಸಿಬಿಡುತ್ತಾರೆ ಎಂದು ಜನೀನ್ ವಿಲ್ಲಿಸ್ ಮತ್ತು ಅಲೆಕ್ಸಾಂಡರ್ ತೊದೊರೋವ್ 2006ರಲ್ಲಿ ಕಂಡುಕೊಂಡರು. ಆ ತೀರ್ಮಾನ ಸರಿಯೋ ತಪ್ಪೋ ಬೇರೆ ಮಾತು. ಮೊಬೈಲ್ ಪರದೆಯನ್ನು ಹೆಬ್ಬೆರಳಿನಿಂದ ತಳ್ಳುತ್ತ ಹೋಗುವಾಗ ಒಂದೊಂದು ಥಂಬ್‌ನೇಲಿಗೆ ಸಿಗುವ ಅವಕಾಶ ಹೆಚ್ಚುಕಡಿಮೆ ಅಷ್ಟೇ.

ಆದ್ದರಿಂದ ಯೂಟ್ಯೂಬರುಗಳು ಕ್ಯಾಮೆರಾ ಮುಂದೆ ಕೂತು ಬಾಯಿ ಅಗಲಿಸಿ, ಕಣ್ಣು ಕಿಸಿದು, ಹುಬ್ಬು ನೆತ್ತಿಗೇರಿಸಿ ಬೇಕೆಂದೇ ಫೋಟೊ ತೆಗೆಸಿಕೊಳ್ಳುತ್ತಾರೆ. ಇಲ್ಲೊಂದು ವಿಚಿತ್ರವಿದೆ. ಇಷ್ಟು ಶ್ರದ್ಧೆಯಿಂದ ತಯಾರಾದ ಮುಖಗಳಲ್ಲಿ ಬಹಳಷ್ಟು ವಿಡಿಯೊದ ಜೊತೆಗೇ ಮರೆಯಾಗುತ್ತವೆ. ಜನ ತಮ್ಮ ಮಾತಿನ ನಡುವೆ ಮತ್ತೆ ಮತ್ತೆ ಬಳಸುವ ಮುಖಗಳು ಬೇರೆ ಕಡೆಯಿಂದ ಬಂದಿವೆ.

ಅತಿ ಪ್ರಸಿದ್ಧವಾದ ಒಂದನ್ನು ನೋಡೋಣ. 2013ರ ಕೊನೆಯಲ್ಲಿ ಅಮೆರಿಕದ ‘ಜೈಂಟ್ ಬಾಂಬ್’ ಎಂಬ ವಿಡಿಯೊ ಗೇಮ್ ತಾಣದ ಕಾರ್ಯಕ್ರಮವೊಂದರಲ್ಲಿ ಡ್ರೂ ಸ್ಕ್ಯಾನ್ಲನ್ ಎಂಬ ವಿಡಿಯೊ ನಿರ್ಮಾಪಕ ಸಹೋದ್ಯೋಗಿಗಳ ಜೊತೆ ಕೂತಿದ್ದ. ಆಟದಲ್ಲಿ ಗುದ್ದಲಿ ಹಿಡಿದು ಬೇಸಾಯ ಮಾಡುತ್ತಿದ್ದ ಗೆಳೆಯ ಎರಡರ್ಥದ ಮಾತೊಂದನ್ನು ಹರಿಬಿಟ್ಟ. ಸ್ಕ್ಯಾನ್ಲನ್ ತಲೆಯನ್ನು ತುಸು ಹಿಂದಕ್ಕೆಳೆದು ಕಣ್ಣು ಮಿಟುಕಿಸಿದ. ಅಷ್ಟೇ. ಅವನು ನಟನಲ್ಲ, ಅದು ಅಭಿನಯವೂ ಅಲ್ಲ. ಯಾರೋ ಆ ತುಣುಕನ್ನು ಕತ್ತರಿಸಿ ಜಿಫ್ ಮಾಡಿದರು. ಮೂರು ವರ್ಷ ಅದು ಸಣ್ಣ ವಲಯದಲ್ಲಿ ಓಡಾಡಿಕೊಂಡಿತ್ತು. 2017ರ ಫೆಬ್ರುವರಿಯಲ್ಲಿ ಟ್ವಿಟರ್‌ನಲ್ಲಿ ಇದ್ದಕ್ಕಿದ್ದಂತೆ ಹಬ್ಬಿ, ‘ಏನಂದೆ ಈಗ?’ ಎಂದು ಹೇಳಬೇಕಾದಲ್ಲೆಲ್ಲ ಪ್ರಪಂಚದ ಜನ ಅದನ್ನೇ ಹಾಕತೊಡಗಿದರು.

ಕಣ್ಣು ಮಿಟುಕಿಸುವುದಕ್ಕೆ ಸೆಕೆಂಡಿನ ಹತ್ತನೇ ಒಂದರಿಂದ ಹತ್ತನೇ ನಾಲ್ಕು ಭಾಗ ಬೇಕು. ಅಂದರೆ ವಿಡಿಯೊದಲ್ಲಿ ಮೂರರಿಂದ ಹನ್ನೆರಡು ಫ್ರೇಮ್. ಎದುರಿಗೆ ಕೂತು ಮಾತಾಡುವಾಗ ಇನ್ನೊಬ್ಬರ ಕಣ್ಣು ನಿಮಿಷಕ್ಕೆ ಹದಿನೈದಿಪ್ಪತ್ತು ಸಲ ಮಿಟುಕಿದರೂ ನಮ್ಮ ಗಮನಕ್ಕೆ ಬರುವುದಿಲ್ಲ, ಏಕೆಂದರೆ ಮಿದುಳು ಚಲಿಸುವ ಮುಖವನ್ನು ಕಾಲದುದ್ದಕ್ಕೂ ಒಟ್ಟುಗೂಡಿಸಿ ಒಂದೇ ಮುಖವಾಗಿ ಓದಿಕೊಳ್ಳುತ್ತದೆ. ರಾಬರ್ಟ್ ಪೋಸ್ಟ್ ಮತ್ತು ಸಂಗಡಿಗರು 2012ರಲ್ಲಿ ಇದನ್ನು ಪರೀಕ್ಷಿಸಿದರು. ಮಾತಾಡುವವರ ಪುಟ್ಟ ವಿಡಿಯೊಗಳನ್ನೂ ಅದೇ ವಿಡಿಯೊಗಳಿಂದ ತೆಗೆದ ಬಿಡಿ ಫ್ರೇಮ್‌ಗಳನ್ನೂ ಜನರ ಮುಂದಿಟ್ಟು, ಇವುಗಳಲ್ಲಿ ಈ ವ್ಯಕ್ತಿ ಎಷ್ಟು ಚೆನ್ನಾಗಿ ಕಾಣುತ್ತಾರೆ ಎಂದು ಕೇಳಿದರು. ವಿಡಿಯೊದಲ್ಲಿ ಚೆನ್ನಾಗಿ ಕಂಡ ಮುಖ ಅದರದೇ ಫ್ರೇಮ್‌ಗಳಲ್ಲಿ ಕಳೆಗುಂದಿತು. ಹೆಪ್ಪುಗಟ್ಟಿದ ಮುಖದ ಪರಿಣಾಮ ಎಂದು ಅವರು ಇದನ್ನು ಕರೆದರು. ಟಿವಿ ನೋಡುವಾಗ ಪಾಝ್ ಒತ್ತಿ ನಿರೂಪಕಿಯ ಮುಖ ಕಂಡು ಬೆಚ್ಚಿದವರಿಗೆಲ್ಲ ಇದರ ಅನುಭವ ಆಗಿದೆ. ಪಾಝ್ ಒತ್ತಿದಾಗ ನಮಗೆ ಕಾಣುವುದು ಆ ವ್ಯಕ್ತಿಯ ಭಾವವಲ್ಲ, ಒಂದು ಭಾವದಿಂದ ಇನ್ನೊಂದಕ್ಕೆ ಸಾಗುವ ದಾರಿ. ನಿಜಜೀವನದಲ್ಲಿ ಯಾವ ಮನುಷ್ಯನಿಗೂ ಕಾಣದ ಒಂದು ಮುಖವನ್ನು ಕ್ಯಾಮೆರಾ ಅಲ್ಲಿ ನಿಲ್ಲಿಸಿ ಹಿಡಿದಿರುತ್ತದೆ.

ಇಂಥ ನಡುದಾರಿಯ ಮುಖ ಏಕೆ ಅಷ್ಟು ಉಪಯುಕ್ತ? ಸುಮಾರು ನೂರು ವರ್ಷದ ಹಿಂದೆ ರಷ್ಯಾದ ಚಿತ್ರನಿರ್ದೇಶಕ ಲೆವ್ ಕುಲೆಶೋವ್ ಮಾಡಿದ ಪ್ರಯೋಗ ಇದಕ್ಕೆ ಅರ್ಧ ಉತ್ತರ. ಇವಾನ್ ಮೊಝೂಖಿನ್ ಎಂಬ ನಟನ ನಿರ್ಭಾವದ ಒಂದೇ ಷಾಟನ್ನು ಅವನು ಬೇರೆ ಬೇರೆ ದೃಶ್ಯಗಳ ಪಕ್ಕ ಜೋಡಿಸಿದ. ಒಮ್ಮೆ ಸೂಪಿನ ಬಟ್ಟಲು, ಒಮ್ಮೆ ಶವಪೆಟ್ಟಿಗೆ, ಒಮ್ಮೆ ಆಡುವ ಮಗು. ನಟನ ಹಸಿವನ್ನೂ ದುಃಖವನ್ನೂ ವಾತ್ಸಲ್ಯವನ್ನೂ ಪ್ರೇಕ್ಷಕರು ಕೊಂಡಾಡಿದರು ಎಂದು ಅವನ ಶಿಷ್ಯ ಪುಡೋವ್ಕಿನ್ ಬರೆದಿದ್ದಾನೆ. ಮುಖ ಒಂದೇ, ಭಾವ ಕೊಟ್ಟದ್ದು ಪಕ್ಕದ ಚಿತ್ರ. ಮೀಮ್‌ನಲ್ಲಿ ಆ ಪಕ್ಕದ ಚಿತ್ರದ ಜಾಗಕ್ಕೆ ಒಂದು ಸಾಲು ಬರಹ ಬಂದು ಕೂತಿದೆ.

ಮುಖದಲ್ಲಿ ಭಾವ ಇಲ್ಲದಿದ್ದಾಗ ಹೀಗಾಗುವುದು ಸಹಜ ಎನ್ನಬಹುದು. ಆದರೆ ಭಾವ ಉಕ್ಕಿ ಹರಿಯುವಾಗಲೂ ಹಾಗೇ ಆಗುತ್ತದೆ. ಹಿಲ್ಲೆಲ್ ಅವಿಯೆಜರ್, ಯಾಕೊವ್ ಟ್ರೋಪ್ ಮತ್ತು ತೊದೊರೋವ್ 2012ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಈ ಇಡೀ ವಿಷಯದ ಕೀಲಿಕೈ ಎನಿಸಿದೆ. ಪಾಯಿಂಟ್ ಗೆದ್ದ ಮತ್ತು ಸೋತ ಟೆನಿಸ್ ಆಟಗಾರರ ಫೋಟೊಗಳನ್ನು ಅವರು ತೆಗೆದುಕೊಂಡರು. ಮುಖವನ್ನಷ್ಟೇ ಕತ್ತರಿಸಿ ತೋರಿಸಿದಾಗ ಗೆದ್ದವರು ಯಾರು, ಸೋತವರು ಯಾರು ಎಂದು ನೋಡಿದವರಿಗೆ ಹೇಳಲಾಗಲಿಲ್ಲ. ಮೈಯನ್ನಷ್ಟೇ ತೋರಿಸಿದಾಗ ಸಲೀಸಾಗಿ ಹೇಳಿದರು. ಗೆದ್ದವರ ಮುಖವನ್ನು ಸೋತವರ ಮೈಗೆ ಅಂಟಿಸಿದಾಗ ಆ ಮುಖದಲ್ಲೇ ಸೋಲನ್ನು ಕಂಡರು. ಭಾವ ತುತ್ತತುದಿ ಮುಟ್ಟಿದಾಗ ಮುಖ ‘ಬಹಳ’ ಎಂದಷ್ಟೇ ಹೇಳುತ್ತದೆ, ‘ಏನು’ ಎಂಬುದನ್ನು ಹೇಳುವುದಿಲ್ಲ.

ಇದರ ದೊಡ್ಡ ಉದಾಹರಣೆ ನಮ್ಮೆಲ್ಲರ ಫೋನಿಗೂ ಬಂದುಹೋಗಿದೆ. ಹಲ್ಲುದುರಿದ ಬಾಯಿ ತೆರೆದು, ಉಸಿರು ಕಟ್ಟುವಂತೆ, ಕೀರಲು ದನಿಯಲ್ಲಿ ನಗುವ ಸ್ಪೇನಿನ ಮನುಷ್ಯ. ಅವನ ಹೆಸರು ಹುವಾನ್ ಹೋಯಾ ಬೋರ್ಹಾ. ‘ಎಲ್ ರಿಸಿತಾಸ್’ ಎಂದೇ ಪರಿಚಿತನಾಗಿದ್ದ. 2007ರಲ್ಲಿ ಒಂದು ಟಿವಿ ಸಂದರ್ಶನದಲ್ಲಿ, ಸಮುದ್ರದಂಡೆಯ ಹೋಟೆಲಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಾಗ ಪಾತ್ರೆಗಳನ್ನು ರಾತ್ರಿಯಿಡೀ ಸಮುದ್ರದ ನೀರಲ್ಲಿ ನೆನೆಯಲು ಬಿಟ್ಟು, ಬೆಳಗ್ಗೆ ನೋಡಿದರೆ ಸಮುದ್ರ ಅವನ್ನು ಎಳೆದುಕೊಂಡು ಹೋಗಿತ್ತು ಎಂಬ ಕಥೆ ಹೇಳುತ್ತ ಅವನು ನಕ್ಕಿದ್ದು. ಸ್ಪ್ಯಾನಿಷ್ ಬಾರದವರು ಆ ನಗೆಯ ಕೆಳಗೆ ತಮಗೆ ಬೇಕಾದ ಸಬ್‌ಟೈಟಲ್ ಹಾಕಿಕೊಂಡರು. ಈಜಿಪ್ಟಿನವರು ತಮ್ಮ ರಾಜಕೀಯ ಹೇಳಿದರು, ಇನ್ನಾರೋ 2015ರಲ್ಲಿ ಅವನನ್ನು ಆ್ಯಪಲ್ ಲ್ಯಾಪ್‌ಟಾಪ್‌ನ ಎಂಜಿನಿಯರ್ ಮಾಡಿದರು. ಕನ್ನಡದ ಟ್ರೋಲ್ ಪೇಜ್‌ಗಳಲ್ಲಿ ಯಾವ ಪುಢಾರಿ ಎಡವಿದರೂ ಅವನ ನಗೆ ಕೇಳಿಸುತ್ತದೆ. ಅವನು ತೀರಿಕೊಂಡದ್ದು 2021ರ ಏಪ್ರಿಲ್‌ನಲ್ಲಿ.

ಭರತನ ನಾಟ್ಯಶಾಸ್ತ್ರದ ವಿಂಗಡಣೆ ಇಲ್ಲಿ ನನಗೆ ಬಹಳ ನೆರವಾಗಿದೆ. ಅಲ್ಲಿ ಎಂಟು ಸ್ಥಾಯಿಭಾವಗಳಿವೆ: ವಿಸ್ಮಯ, ಭಯ, ಕ್ರೋಧ, ಶೋಕ ಮೊದಲಾದವು. ಅವುಗಳ ಮೇಲೆ ಬಂದು ಹೋಗುವ 33 ಸಂಚಾರಿ ಭಾವಗಳಿವೆ: ಶಂಕೆ, ಲಜ್ಜೆ, ಜಡತೆ, ವಿತರ್ಕ, ಅಸೂಯೆ. ತಯಾರಿಸಿದ ಥಂಬ್‌ನೇಲ್ ಸ್ಥಾಯಿಭಾವವನ್ನು ದೊಡ್ಡದಾಗಿ ಬರೆದು ನಿಲ್ಲಿಸುತ್ತದೆ. ಬಾಯಿ ತೆರೆದರೆ ವಿಸ್ಮಯ, ಮುಗಿಯಿತು. ಆ ಮುಖಕ್ಕೆ ಬೇರೆ ಅರ್ಥ ಕೊಡಲು ಜಾಗವಿಲ್ಲ. ಮೀಮ್ ಆಗಿ ಉಳಿಯುವುದು ಹೆಚ್ಚಾಗಿ ಸಂಚಾರಿಗಳು. ಸ್ಕ್ಯಾನ್ಲನ್‌ನ ಕಣ್ಣುಮಿಟುಕು ಅಪ್ಪಟ ವಿತರ್ಕ. ಮನಸ್ಸಿನಲ್ಲಿರುವುದನ್ನು ಮುಚ್ಚಿಟ್ಟುಕೊಳ್ಳುವ ಭಾವಕ್ಕೆ ಭರತ ‘ಅವಹಿತ್ಥ’ ಎಂದು ಹೆಸರಿಟ್ಟಿದ್ದಾನೆ. ನೋವು ನುಂಗಿಕೊಂಡು ನಗುವ ‘ಹೆರಾಲ್ಡ್’ ಎಂದು ಜಗತ್ತು ಕರೆಯುವ ಹಂಗೆರಿಯ ಆಂದ್ರಾಶ್ ಅರಾತೊ ಅವರ ಫೋಟೊಗೆ ಇದಕ್ಕಿಂತ ನಿಖರವಾದ ಹೆಸರು ನನಗೆ ಸಿಕ್ಕಿಲ್ಲ. ಸಾಧು ಕೋಕಿಲ, ತೆಲುಗಿನ ಬ್ರಹ್ಮಾನಂದಂ ಅವರಂಥ ಹಾಸ್ಯನಟರ ಸ್ಥಿರಚಿತ್ರಗಳು ನಮ್ಮ ಟ್ರೋಲ್ ಪೇಜ್‌ಗಳಲ್ಲಿ ತುಂಬಿರುವುದಕ್ಕೂ ಇದೇ ಕಾರಣ ಇರಬೇಕು. ಒಂದು ಭಾವ ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲಿ ಮುಖವನ್ನು ಒಂದು ಗಳಿಗೆ ತಡೆಹಿಡಿಯುವುದೇ ಅವರ ಕಲೆ. ಹಾಸ್ಯನಟನೆಯನ್ನು ಕಡಿಮೆ ದರ್ಜೆಯದೆಂದು ಭಾವಿಸುವವರು ಇದನ್ನು ಗಮನಿಸಬೇಕು.

ಮುಖ ಮೀಮ್ ಆಗುವುದರಲ್ಲಿ ಕಣ್ಣಿನ ಪಾಲು ದೊಡ್ಡದು. ಮನುಷ್ಯನ ಕಣ್ಣಿನ ಬಿಳಿಭಾಗ ಅಗಲವಾಗಿ, ಅಚ್ಚ ಬಿಳಿಯಾಗಿ ಕಾಣುತ್ತದೆ. ಹೆಚ್ಚಿನ ವಾನರಗಳಲ್ಲಿ ಆ ಭಾಗ ಕಂದು ಬಣ್ಣಕ್ಕಿದ್ದು, ಅವು ಎತ್ತ ನೋಡುತ್ತಿವೆ ಎಂದು ದೂರದಿಂದ ತಿಳಿಯುವುದು ಕಷ್ಟ. ಜಪಾನಿನ ಕೊಬಯಾಶಿ ಮತ್ತು ಕೊಹ್‌ಶಿಮಾ ಈ ಹೋಲಿಕೆಯನ್ನು 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಮುಂದಿಟ್ಟರು. ನೋಟದ ದಿಕ್ಕನ್ನು ಬಚ್ಚಿಡುವುದಕ್ಕಿಂತ ತೋರಿಸುವುದೇ ಒಟ್ಟಾಗಿ ಬಾಳುವ ಜೀವಿಗೆ ಲಾಭವಾಗಿರಬೇಕು ಎಂಬ ವಾದ ಅಲ್ಲಿಂದ ಬೆಳೆಯಿತು. ಓರೆಗಣ್ಣಿನ ಚಿತ್ರ ಬೆರಳುಗುರಿನಷ್ಟು ಕುಗ್ಗಿದರೂ ಓದಲು ಸಿಗುವುದು ಆ ಬಿಳಿಯಿಂದಾಗಿ. ಕಾರಿನ ಸೀಟಿನಲ್ಲಿ ಕೂತ ಅಮೆರಿಕದ ಪುಟ್ಟ ಮಗುವೊಂದು ಬೀರಿದ ಓರೆನೋಟ 2013ರಿಂದ ಇಂದಿನವರೆಗೂ ಚಲಾವಣೆಯಲ್ಲಿದೆ. ಜಪಾನಿ ಮಕ್ಕಳ ಕಾರ್ಯಕ್ರಮವೊಂದರ ಮಂಗದ ಬೊಂಬೆಯೂ ಹಾಗೇ. ಬೊಂಬೆ ಮಂಗನದಾದರೂ ಕಣ್ಣು ಮಾತ್ರ ಮನುಷ್ಯನದು.

ಇಷ್ಟೆಲ್ಲ ಇದ್ದರೂ ಜನಕ್ಕೆ ಇಂಥ ಚಿತ್ರ ಬೇಕಾದರೂ ಏಕೆ? ಹಳ್ಳಿಯಲ್ಲಿ ಕಥೆ ಹೇಳುವಾಗ ‘ಹೂಂ’ಗುಟ್ಟಲು ಒಬ್ಬರು ಬೇಕೇ ಬೇಕು. ಅವರಿಲ್ಲದೆ ಕಥೆ ಮುಂದಕ್ಕೆ ಹೋಗುವುದಿಲ್ಲ. ಭಾಷಾವಿಜ್ಞಾನಿಗಳು ಇದನ್ನು 1970ರ ದಶಕದಿಂದ ಗಂಭೀರವಾಗಿ ಅಭ್ಯಾಸ ಮಾಡಿದ್ದಾರೆ. ಹೂಂ, ಅಯ್ಯೋ, ಹೌದಾ, ತಲೆಯಾಡಿಸುವುದು, ಹುಬ್ಬು ಹಾರಿಸುವುದು, ಎಲ್ಲವೂ ಕೇಳುಗನ ಪಾಲಿನ ಕೆಲಸ. ಹತ್ತು ಭಾಷೆಗಳ ಸಂಭಾಷಣೆಯನ್ನು ಅಳೆದ 2009ರ ಅಧ್ಯಯನದಲ್ಲಿ, ಪ್ರಶ್ನೆ ಮುಗಿದು ಉತ್ತರ ಶುರುವಾಗುವ ನಡುವಿನ ಬಿಡುವು ಸರಾಸರಿ ಸೆಕೆಂಡಿನ ಐದನೇ ಒಂದು ಭಾಗ ಮಾತ್ರ ಎಂದು ಕಂಡುಬಂತು. ವಾಟ್ಸ್ಆ್ಯಪ್ ಗುಂಪಿನಲ್ಲಿ ಮುಖ ಕಾಣುವುದಿಲ್ಲ, ದನಿ ಕೇಳುವುದಿಲ್ಲ, ಉತ್ತರ ಯಾವಾಗ ಬರುತ್ತದೋ ಗೊತ್ತಿಲ್ಲ. ‘ಹೂಂ’ ಎಂದು ಟೈಪ್ ಮಾಡಿದರೆ ಸಿಟ್ಟಾಗಿದ್ದಾರೇನೋ ಅನಿಸುತ್ತದೆ. ಅಲ್ಲಿ ರಿಯಾಕ್ಷನ್ ಮೀಮ್ ಹೂಂಗುಟ್ಟುತ್ತದೆ. ಮಾತಿಗೆ ಹೊಸದೇನನ್ನೂ ಸೇರಿಸದೆ, ನಾನು ಕೇಳಿಸಿಕೊಂಡೆ, ಕೇಳಿ ನನ್ನ ಮುಖ ಹೀಗಾಯಿತು ಎಂದಷ್ಟೇ ತಿಳಿಸುತ್ತದೆ. 2019ರ ವಿಶ್ವಕಪ್‌ನಲ್ಲಿ ಇಂಗ್ಲೆಂಡಿನ ಟಾಂಟನ್ ಮೈದಾನದಲ್ಲಿ ಪಾಕಿಸ್ತಾನದ ಆಟಗಾರ ಕ್ಯಾಚ್ ಬಿಟ್ಟಾಗ ಸೊಂಟಕ್ಕೆ ಕೈಯಿಟ್ಟು ನಿಂತ ಅಭಿಮಾನಿಯ ಚಿತ್ರ ಗಡಿ ದಾಟಿ ನಮ್ಮ ಕುಟುಂಬದ ಗುಂಪುಗಳಿಗೂ ಬಂದದ್ದು ಹಾಗೆ. ಮಗ ಮತ್ತೆ ಬೈಕಿನ ಕೀಲಿ ಕಳೆದುಕೊಂಡ ಎಂಬ ಸುದ್ದಿಗೂ ಆ ನಿಲುವು ಹೊಂದುತ್ತದೆ.

ಹೊಂದುವ ಮುಖಗಳು ಸಾವಿರಾರಿವೆ. ಕೆಲವೇ ಹಬ್ಬುವುದೇಕೆ? ಇಲ್ಲಿ ಅದೃಷ್ಟಕ್ಕೆ ಅದರ ಪಾಲು ಕೊಡಲೇಬೇಕು. ಮ್ಯಾಥ್ಯೂ ಸಾಲ್ಗಾನಿಕ್, ಪೀಟರ್ ಡಾಡ್ಸ್ ಮತ್ತು ಡಂಕನ್ ವಾಟ್ಸ್ 2006ರಲ್ಲಿ ಸಂಗೀತವನ್ನಿಟ್ಟು ಮಾಡಿದ ಪ್ರಯೋಗದಲ್ಲಿ 14,000ಕ್ಕೂ ಹೆಚ್ಚು ಜನ ಭಾಗವಹಿಸಿದ್ದರು. ಅಪರಿಚಿತ ಬ್ಯಾಂಡ್‌ಗಳ 48 ಹಾಡುಗಳನ್ನು ಎಂಟು ಪ್ರತ್ಯೇಕ ‘ಲೋಕ’ಗಳಲ್ಲಿ ಇಟ್ಟರು. ತಮ್ಮ ಲೋಕದಲ್ಲಿ ಯಾವ ಹಾಡು ಎಷ್ಟು ಡೌನ್‌ಲೋಡ್ ಆಗಿದೆ ಎಂದು ಜನರಿಗೆ ಕಾಣುತ್ತಿತ್ತು. ಒಂದು ಲೋಕದಲ್ಲಿ ಮೇಲೇರಿದ ಹಾಡು ಇನ್ನೊಂದರಲ್ಲಿ ಎಲ್ಲೋ ಕೆಳಗಿತ್ತು. ತೀರಾ ಒಳ್ಳೆಯವು ಪೂರ್ತಿ ಸೋಲಲಿಲ್ಲ, ತೀರಾ ಕೆಟ್ಟವು ಗೆಲ್ಲಲಿಲ್ಲ, ನಡುವಿನವುಗಳ ಹಣೆಬರಹವನ್ನು ಮೊದಲು ಬಂದವರು ಬರೆದರು. ಮೀಮ್‌ಗೂ ಇದು ಒಪ್ಪುತ್ತದೆ ಎಂದು ನನಗನಿಸುತ್ತದೆ. 1997ರ ಪೋಕೆಮಾನ್ ಕಾರ್ಟೂನಿನಲ್ಲಿ ಬಾಯಿ ಬಿಟ್ಟು ನಿಂತ ಪಿಕಾಚುವಿನ ಒಂದು ಫ್ರೇಮ್ 21 ವರ್ಷ ಯಾರ ಕಣ್ಣಿಗೂ ಬೀಳದೆ ಇತ್ತು. 2018ರಲ್ಲಿ ಯಾರೋ ಅದರ ಮೇಲೆ ನಾಲ್ಕು ಸಾಲು ಬರೆದರು, ತಾನೇ ಮಾಡಿಕೊಂಡ ಕೇಡಿಗೆ ತಾನೇ ಬೆರಗಾಗುವವರ ಚಿತ್ರವಾಗಿ ಅದು ಎದ್ದುಬಂತು.

ಒಮ್ಮೆ ಹೊರಟ ಚಿತ್ರ ಕೈಯಿಂದ ಕೈಗೆ ಹೋಗುತ್ತ ಸವೆಯುತ್ತದೆ. ಜೆಪೆಗ್ ವಿಧಾನ ಚಿತ್ರವನ್ನು ಎಂಟು ಗುಣಿಸು ಎಂಟು ಚುಕ್ಕೆಗಳ ಚೌಕಗಳಾಗಿ ಒಡೆದು, ಕಣ್ಣಿಗೆ ಅಷ್ಟಾಗಿ ಬೇಕಿಲ್ಲದ ಸೂಕ್ಷ್ಮ ವಿವರಗಳನ್ನು ಎಸೆಯುತ್ತದೆ. ಹೀಗೆ ಮತ್ತೆ ಕುಗ್ಗಿಸಿ ಉಳಿಸಿದಾಗಲೆಲ್ಲ ಇನ್ನಷ್ಟು ವಿವರ ಹೋಗುತ್ತದೆ. ಕೊನೆಗೆ ಉಳಿಯುವುದು ಹುಬ್ಬು, ಕಣ್ಣು, ಬಾಯಿ. ಮೀಮ್‌ಗೆ ಅಷ್ಟೇ ಸಾಕು. ಇಂಥ ಸವೆದ ಪ್ರತಿಗಳನ್ನೂ ಕಂಪ್ಯೂಟರುಗಳು ಗುರುತಿಸಬಲ್ಲವು. ಚಿತ್ರದ ಒಟ್ಟಾರೆ ರೂಪವನ್ನು ಪುಟ್ಟ ಸಂಖ್ಯೆಯಾಗಿಸಿ ಹೋಲಿಸುವ ವಿಧಾನದಿಂದ 2018ರಲ್ಲಿ ಸವ್ವಾಸ್ ಝನ್ನೆಟ್ಟು ಮತ್ತು ಸಂಗಡಿಗರು ಟ್ವಿಟರ್, ರೆಡಿಟ್ ಮೊದಲಾದೆಡೆಯ 16 ಕೋಟಿ ಚಿತ್ರಗಳನ್ನು ಜಾಲಾಡಿ, ಮೀಮ್‌ಗಳು ಎಲ್ಲಿಂದ ಎಲ್ಲಿಗೆ ಹೋದವು ಎಂದು ಪತ್ತೆಹಚ್ಚಿದರು. ಆದರೆ ಅರ್ಥ ಹಿಡಿಯುವುದು ಬೇರೆ ಕೆಲಸ. 2020ರಲ್ಲಿ ಫೇಸ್‌ಬುಕ್ ಸಂಶೋಧಕರು ದ್ವೇಷದ ಮೀಮ್‌ಗಳನ್ನು ಗುರುತಿಸುವ ಪರೀಕ್ಷೆಯೊಂದನ್ನು ಕಟ್ಟಿದಾಗ ಮನುಷ್ಯರು ಶೇ. 84.7ರಷ್ಟು ಸರಿಯುತ್ತರ ಕೊಟ್ಟರು, ಆಗಿನ ಮುಂಚೂಣಿಯ ಯಂತ್ರಕಲಿಕೆ ವಿಧಾನಗಳು ಶೇ. 65ರ ಆಸುಪಾಸಿನಲ್ಲಿ ನಿಂತವು. ಅದೇ ಚಿತ್ರಕ್ಕೆ ಬೇರೆ ಸಾಲು, ಅದೇ ಸಾಲಿಗೆ ಬೇರೆ ಚಿತ್ರ ಹಾಕಿ ಅರ್ಥ ತಿರುಗಿಸಿದ ಜೋಡಿಗಳಲ್ಲಿ ಅವು ಸಿಕ್ಕಿಬಿದ್ದವು. ಕುಲೆಶೋವ್ ಒಡ್ಡಿದ್ದೂ ಇದೇ ಒಗಟು.

ಇನ್ನು ಆ ಮುಖದ ಒಡೆಯರ ವಿಚಾರ. ಇದನ್ನು ಬಿಟ್ಟು ಮೀಮ್‌ನ ವಿಜ್ಞಾನ ಬರೆಯುವುದು ನನಗೆ ಸರಿ ಕಾಣುವುದಿಲ್ಲ. 2012ರ ಜೂನ್‌ನಲ್ಲಿ ಟೆಕ್ಸಾಸ್‌ನ ಲೈನಾ ಮಾರಿಸ್ ಎಂಬ ಯುವತಿ ಜಸ್ಟಿನ್ ಬೀಬರ್‌ನ ಹಾಡೊಂದನ್ನು ಅಣಕಿಸುವ ವಿಡಿಯೊ ಹಾಕಿದಳು. ಕಣ್ಣು ಅಗಲಿಸಿ, ರೆಪ್ಪೆ ಬಡಿಯದೆ ನಗುವ ಅದರ ಒಂದು ಸ್ಥಿರಚಿತ್ರ ಕೆಲವೇ ದಿನಗಳಲ್ಲಿ ‘ಬಿಡದೆ ಕಾಡುವ ಪ್ರೇಯಸಿ’ಯಾಗಿ ಜಗತ್ತನ್ನೆಲ್ಲ ಸುತ್ತಿತು. ಅವಳು ನಟಿಸಿದ್ದಳು. ಆದರೆ ಮುಖವನ್ನು ಕ್ಷಣದಲ್ಲಿ ಓದಿ ಸ್ವಭಾವ ತೀರ್ಮಾನಿಸುವ ನಮ್ಮ ಮಿದುಳಿಗೆ ನಟನೆ, ನಿಜ ಎಂಬ ಭೇದ ಥಂಬ್‌ನೇಲ್ ಗಾತ್ರದಲ್ಲಿ ಕಾಣುವುದಿಲ್ಲ. ಅವಳು ಅದನ್ನೇ ಆಸರೆ ಮಾಡಿಕೊಂಡು ಏಳು ವರ್ಷ ಯೂಟ್ಯೂಬ್ ಚಾನೆಲ್ ನಡೆಸಿದಳು. 2019ರಲ್ಲಿ ತನ್ನ ಖಿನ್ನತೆ, ಆತಂಕಗಳ ಬಗ್ಗೆ ಮುಚ್ಚುಮರೆಯಿಲ್ಲದೆ ಮಾತಾಡಿ ಚಾನೆಲ್‌ಗೆ ವಿದಾಯ ಹೇಳಿದಳು. 2021ರಲ್ಲಿ ಆ ಚಿತ್ರದ ಡಿಜಿಟಲ್ ಹಕ್ಕುಪತ್ರ 200 ಈಥರ್ ಕ್ರಿಪ್ಟೊ ಹಣಕ್ಕೆ, ಅಂದಿನ ಬೆಲೆಯಲ್ಲಿ ನಾಲ್ಕು ಲಕ್ಷ ಡಾಲರಿಗೂ ಮೇಲಕ್ಕೆ, ಮಾರಾಟವಾಯಿತು. ಒಂಬತ್ತು ವರ್ಷ ಊರೆಲ್ಲ ಬಳಸಿದ ಮುಖಕ್ಕೆ ಕೊನೆಗಾದರೂ ಒಡತಿಯ ಕೈಗೆ ಏನೋ ಸಂದಿತಲ್ಲ ಎಂದು ನನಗೆ ಸಂತೋಷವಾಯಿತು. ಹಾಗೆ ಏನೂ ಸಲ್ಲದ, ಹೆಸರೂ ತಿಳಿಯದ ಮುಖಗಳು ನಮ್ಮ ಫೋನುಗಳಲ್ಲಿ ಬಹಳ ಇವೆ, ಅವುಗಳಲ್ಲಿ ಮಕ್ಕಳವೂ ಇವೆ.

ಸ್ಕ್ಯಾನ್ಲನ್ ಬೇರೆ ದಾರಿ ಹಿಡಿದ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದ ವಿರುದ್ಧ ಹಣ ಕೂಡಿಸುವ ಸೈಕಲ್ ಯಾತ್ರೆಯಲ್ಲಿ ಅವನು ಪಾಲ್ಗೊಳ್ಳುತ್ತಾನೆ. 2019ರಲ್ಲಿ ತಾನೇ ಆ ಜಿಫ್ ಹಾಕಿ, ಇದನ್ನು ಎಂದಾದರೂ ಬಳಸಿದ್ದರೆ, ನೋಡಿ ನಕ್ಕಿದ್ದರೆ ಈ ಕೆಲಸಕ್ಕೆ ಕೈಲಾದಷ್ಟು ಕೊಡಿ ಎಂಬರ್ಥದಲ್ಲಿ ಜನರನ್ನು ಕೇಳಿಕೊಂಡ. ಅವನ ಪರಿಚಯವೇ ಇಲ್ಲದ, ಆ ಕಣ್ಣುಮಿಟುಕಿನ ಮೂಲ ವಿಡಿಯೊವನ್ನು ಎಂದೂ ನೋಡದ ಜನ ದೇಶದೇಶಗಳಿಂದ ಹಣ ಕಳಿಸಿದರು.